ಹೆಸರು ಕೆರೆದ ಸೈಕಲ್

ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಪೆಡಲುಗಳ ನಡುವಿನ ಕೊಳವೆಯ ಅಡಿಗೆ ಟಾರ್ಚು ಹಿಡಿದು, ಝಕರಿಯಾ ಅಲ್ಲಿ ಕೊರೆದಿದ್ದ ಸಂಖ್ಯೆಯನ್ನು ಓದತೊಡಗಿದ. ಕೈಯಲ್ಲಿದ್ದದ್ದು ಅಂಗಡಿಯಿಂದ ತಂದ ಭೂತಗನ್ನಡಿ. ಬಂಟ್ವಾಳದ ಬಿ.ಸಿ. ರೋಡಿನ ಬಸ್ ನಿಲ್ದಾಣದ ಹತ್ತಿರ ಅವನಿಗೆ ಕನ್ನಡಕದ ಅಂಗಡಿ ಇದೆ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ರಿಝ್ವಾನ್, ಹೆಂಡತಿಯ ತಮ್ಮ, ಅವನು ಹೇಳಿದ್ದನ್ನು ಮೊಬೈಲಿಗೆ ಇಳಿಸುತ್ತಿದ್ದ.

"ಭಾವ, ಅದು ಎಂಟಾ ಮೂರಾ?"

"ಎಂಟು. ಅರ್ಧ ತುಕ್ಕು ತಿಂದ ಎಂಟು."

"ಸರಿ ನೋಡಿ ಹೇಳಿ ಮಾರಾಯ್ರೆ. ನಿಮ್ಮಲ್ಲಿ ಕನ್ನಡಕ ಮಾಡಿಸಿದವರೆಲ್ಲ ಹೀಗೇ ಓದುವುದಾ?"

ರಿಝ್ವಾನ್ ಮಂಗಳೂರಿನಲ್ಲಿ ಬ್ಯಾಂಕ್ ಉದ್ಯೋಗಿ. ಭಾನುವಾರ ಬೆಳಿಗ್ಗೆ ಬಿಗಿ ಚಡ್ಡಿ ತೊಟ್ಟು ಸೈಕಲ್ ತುಳಿಯುವ ಗುಂಪಿನವನು. ಈದ್‌ಗೆ ಅಕ್ಕನ ಮನೆಗೆ ಬಂದವನು ಏಣಿ ಹುಡುಕಲು ಹಿಂದಿನ ಕೋಣೆಗೆ ಹೋಗಿ, ಗೋಡೆಯ ಎರಡು ಮೊಳೆಗಳಲ್ಲಿ ನೇತಾಡುತ್ತಿದ್ದ ಈ ಸೈಕಲ್ಲನ್ನು ಕಂಡ. ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿದ ಹ್ಯಾಂಡಲ್, ಬೆರಳಿನಷ್ಟು ಸಪೂರ ಟಯರು, ಹಿಂದಿನ ಚಕ್ರದಲ್ಲಿ ಗೇರಿನ ಹಲ್ಲುಗಳ ಸಾಲು. ಏಣಿಯ ವಿಷಯ ಅವನಿಗೆ ಮರೆತೇಹೋಯಿತು. "ಇದು ರೇಸಿನದ್ದು ಭಾವ! ಇಂಥದ್ದಕ್ಕೆ ಸಾಯುವವರಿದ್ದಾರೆ. ಯಾವ ಕಂಪೆನಿ, ಯಾವ ವರ್ಷ, ಎಲ್ಲ ಪತ್ತೆ ಮಾಡುವ" ಎಂದು ಅವತ್ತೇ ಹಟ ಹಿಡಿದ.

ಮಾಡುವ ಎಂದ ಝಕರಿಯಾ. ಕಂಪೆನಿ ಯಾವುದಾದರೂ ಅವನಿಗೆ ಆಗಬೇಕಾದ್ದೇನಿರಲಿಲ್ಲ. ಅವನಿಗೆ ತಿಳಿಯಬೇಕಾದದ್ದು ಒಂದೇ: ಈ ಸೈಕಲ್ಲನ್ನು ಉಪ್ಪ, ಅಂದರೆ ತಂದೆ, ತನಗೆಂದೇ ಕೊಂಡದ್ದೋ, ಇಲ್ಲ ಇನ್ನೊಬ್ಬ ಹುಡುಗ ಓಡಿಸಿ ಬಿಟ್ಟದ್ದನ್ನು ತನಗೆ ದಾಟಿಸಿದ್ದೋ. ಐವತ್ತಕ್ಕೆ ಹತ್ತಿರವಾದ ಗಂಡಸು ಇಂಥದ್ದನ್ನು ಯಾರ ಹತ್ತಿರ ಕೇಳುವುದು? ರಿಝ್ವಾನನಿಗೆ ಹೇಳಲಿಲ್ಲ. ಹೆಂಡತಿ ರಾಫಿಯಾಳಿಗೂ ಹೇಳಲಿಲ್ಲ.

ಸೈಕಲ್ ಬಂದ ದಿನ ಅವನಿಗೆ ಹದಿಮೂರು ವರ್ಷ. ಬೆಳುವಾಯಿಯ ಕೂಸಪ್ಪ ಎಂಬವರು ಅದನ್ನು ಬಸ್ಸಿನ ಟಾಪಿನ ಮೇಲೆ ಹಗ್ಗದಲ್ಲಿ ಕಟ್ಟಿಸಿಕೊಂಡು ಬಂದಿದ್ದರು. ಕೂಸಪ್ಪ ಸೌದಿಯ ದಮ್ಮಾಮಿನ ಲಾಂಡ್ರಿಯಲ್ಲಿ ಉಪ್ಪನ ಜೊತೆ ಕೆಲಸಕ್ಕಿದ್ದವರು, ಒಂದೇ ಕೋಣೆಯಲ್ಲಿ ಮಲಗಿದವರು. ಉಪ್ಪ ಇಬ್ರಾಹಿಂ ಖಲೀಲ್ ಊರಿಗೆ ಬಂದು ಹೋಗಿ ಆಗಲೇ ಐದು ವರ್ಷವಾಗಿತ್ತು. ಕೂಸಪ್ಪ ಸೈಕಲ್ಲನ್ನು ಮನೆಯೆದುರು ಇಳಿಸಿ, ಬೆವರು ಒರೆಸಿಕೊಂಡು, "ಖಲೀಲ್ ಬ್ಯಾರಿಗಳು ಮಗನಿಗೆ ಕೊಟ್ಟದ್ದು" ಎಂದರು. ಉಮ್ಮ, ಅವನ ತಾಯಿ ಬೀಪಾತುಮ್ಮ, ಬಾಗಿಲ ಸಂದಿನಿಂದ ಅದನ್ನು ಮೇಲಿಂದ ಕೆಳಗೆ ನೋಡಿದಳು. ಬಣ್ಣ ಮಾಸಿತ್ತು. ಮೈತುಂಬ ಗೀರುಗಳಿದ್ದವು. ಹತ್ತು ವರ್ಷದ ಹುಡುಗನ ಅಳತೆಯದು. ಝಕರಿಯಾ ಆ ಹೊತ್ತಿಗೆ ಉಮ್ಮನಿಗಿಂತ ಎತ್ತರವಾಗಿದ್ದ. ಕೂಸಪ್ಪ ಬೆವರು ಒರೆಸಿದ ಬೈರಾಸನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲ ಮೇಲೆ ಕೂರಲು ನೋಡುತ್ತಿದ್ದಾಗಲೇ ಬಾಗಿಲು ಮುಚ್ಚಿತು. ಅವರು ನೀರೂ ಕುಡಿಯದೆ ಹೋದರು.

ಒಳಗೆ ಉಮ್ಮ ಹೇಳಿದಳು: "ಅವಳ ಮಗ ಓಡಿಸಿ ಬಿಸಾಡಿದ್ದು. ಮುಟ್ಟಬೇಡ."

ಅವಳು ಎಂದರೆ ಯಾರೆಂದು ಮನೆಯಲ್ಲಿ ಯಾರೂ ಕೇಳಬೇಕಾಗಿರಲಿಲ್ಲ. ಅದಕ್ಕೂ ಮೂರು ವರ್ಷ ಹಿಂದೆ ದಮ್ಮಾಮಿನಿಂದ ರಜೆಗೆ ಬಂದ ನೆಂಟನೊಬ್ಬ, ಖಲೀಲ್ ಒಬ್ಬ ಹುಡುಗನ ಕೈ ಹಿಡಿದುಕೊಂಡು ಪೇಟೆಯಲ್ಲಿ ಹೋಗುವುದನ್ನು ಕಣ್ಣಾರೆ ಕಂಡೆ ಎಂದು ಹೇಳಿ ಚಹಾ ಕುಡಿದು ಹೋಗಿದ್ದ. ಅಷ್ಟೇ. ಉಳಿದದ್ದನ್ನು ಉಮ್ಮ ಕಟ್ಟಿಕೊಂಡಳು. ಹುಡುಗನಿಗೊಬ್ಬಳು ತಾಯಿಯನ್ನು ಕೊಟ್ಟಳು, ಅವಳಿಗೊಂದು ಅಡಿಗೆಮನೆ ಕೊಟ್ಟಳು. ಸೈಕಲ್ ಬಂದ ಎರಡು ವರ್ಷಕ್ಕೆ ಉಪ್ಪ ಅಲ್ಲೇ ಜ್ವರದಲ್ಲಿ ತೀರಿಕೊಂಡು ಅಲ್ಲೇ ಮಣ್ಣಾದ. ಝಕರಿಯಾನ ಪಾಲಿಗೆ ಉಪ್ಪನ ಗೋರಿ ಎಂದರೆ ಗೋಡೆಯ ಮೇಲಿನ ಈ ಸೈಕಲ್ಲೇ. ಅದನ್ನು ಮಾರಲು ಆಗಲಿಲ್ಲ, ಕೆಳಗಿಳಿಸಲೂ ಆಗಲಿಲ್ಲ.

ರಿಝ್ವಾನ್ ಫೋಟೋಗಳನ್ನೂ ಸಂಖ್ಯೆಯನ್ನೂ ಹಳೆಯ ಸೈಕಲ್ಲುಗಳ ಹುಚ್ಚರ ಗುಂಪೊಂದಕ್ಕೆ ಕಳಿಸಿದ. ಬೆಲ್ಜಿಯಮ್ಮಿನ ನಿವೃತ್ತ ಮೇಷ್ಟರೊಬ್ಬರು ಉತ್ತರ ಬರೆದರು. ರಿಝ್ವಾನ್ ಅಂಗಡಿಗೆ ಬಂದು, ಗಿರಾಕಿಗಳು ಕೂರುವ ಸ್ಟೂಲಿನಲ್ಲಿ ಕೂತು, ಕನ್ನಡದಲ್ಲಿ ಹೇಳುತ್ತ ಹೋದ.

"ಜಪಾನಿನದ್ದು ಭಾವ. ಕೊಳವೆ ಕೂಡುವಲ್ಲಿ ಎಲೆಯ ಹಾಗೆ ಕತ್ತರಿಸಿದ ತೋಳು ಉಂಟಲ್ಲ, ಅದರ ಮೇಲೆಯೇ ಹೇಳಿದರು. ಮಕ್ಕಳ ರೇಸಿಂಗ್ ಮಾದರಿ. ಹಗುರದ ಉಕ್ಕು. ಹತ್ತು ಗೇರು. ಗೇರಿನ ಹಿಂದೆ ಎರಡು ಅಕ್ಷರ ಇತ್ತಲ್ಲ, ಒಂದು ವರ್ಷದ್ದು, ಒಂದು ತಿಂಗಳದ್ದು. ಎಂಬತ್ನಾಲ್ಕನೇ ಇಸವಿ. ಚಕ್ರ, ಬ್ರೇಕು, ಎಲ್ಲ ಅದೇ ಇಸವಿ. ಒಂದು ನಟ್ಟೂ ಬದಲಾಗಲಿಲ್ಲ!"

"ಎಂಬತ್ನಾಲ್ಕು," ಎಂದ ಝಕರಿಯಾ. ಸೈಕಲ್ ಬಂಟ್ವಾಳಕ್ಕೆ ಬಂದದ್ದು ಎಂಬತ್ತೆಂಟರಲ್ಲಿ. "ಮತ್ತೆ?"

"ಮತ್ತೆ, ತುಂಬಾ ಓಡಿದ್ದಂತೆ. ಗೀರು ನೋಡಿ ಹೇಳಿದರು. ಇನ್ನೊಂದು…" ರಿಝ್ವಾನ್ ತಡೆದ. "ಫ್ರೇಮಿನ ಮೇಲೆ ಕಂಪೆನಿಯ ಹೆಸರು ಇಲ್ಲ ಅಲ್ವಾ, ಅದು ಸವೆದು ಹೋದದ್ದಲ್ಲವಂತೆ. ಬ್ಲೇಡಿನಲ್ಲಿ ಕೆರೆದು ತೆಗೆದದ್ದು. ಕದ್ದವರು ಹಾಗೆ ಮಾಡುತ್ತಾರೆ, ಇಲ್ಲವೆ ಎಲ್ಲಿಂದ ಬಂತೆಂದು ಅಡಗಿಸಬೇಕಾದವರು ಮಾಡುತ್ತಾರೆ ಅಂತ ಬರೆದಿದ್ದಾರೆ. ಬೇಜಾರು ಮಾಡಬೇಡಿ. ಆ ಜನಕ್ಕೆ ನಿಮ್ಮ ಉಪ್ಪ ಯಾರೆಂದು ಏನು ಗೊತ್ತು?"

ನನಗಾದರೂ ಗೊತ್ತೇ? ಎಂದುಕೊಂಡ ಝಕರಿಯಾ. ಲೆಕ್ಕ ಸರಿಹೋಗುತ್ತಿತ್ತು, ಅದೇ ಸಂಕಟ. ನಾಲ್ಕು ವರ್ಷ ಒಬ್ಬ ಹುಡುಗ ಓಡಿಸಿದ್ದಾನೆ. ಅವನು ಬೆಳೆದ ಮೇಲೆ ಸೈಕಲ್ ಸಣ್ಣದಾಗಿದೆ. ಆಮೇಲೆ ಊರಿನಲ್ಲೊಬ್ಬ ಇದ್ದಾನಲ್ಲ ಎಂದು ನೆನಪಾಗಿದೆ.

ಆ ವಾರ ಅಂಗಡಿಯಲ್ಲಿ ಅವನು ಸುಮ್ಮಸುಮ್ಮನೆ ರೇಗಿದ. ಶುಕ್ರವಾರ ಇಬ್ಬರು ಗಿರಾಕಿಗಳು ಗೀರು ಬಿದ್ದ ಕನ್ನಡಕ ತಂದಿದ್ದರು. ಒಂದು ಶಾಲೆಗೆ ಹೋಗುವ ಹುಡುಗಿಯದು, ಇನ್ನೊಂದು ಬೆಳ್ತಂಗಡಿಯ ತಾಲೂಕು ಕಚೇರಿಯಲ್ಲಿ ಗುಮಾಸ್ತನಾಗಿರುವ ಅಶೋಕನದು. "ನಾನು ಬೀಳಿಸಲೇ ಇಲ್ಲ" ಎಂದು ಅಶೋಕ ವಾದಿಸುತ್ತಿದ್ದ. ಝಕರಿಯಾ ಗಾಜನ್ನು ಬೆಳಕಿಗೆ ಹಿಡಿದು ಅಭ್ಯಾಸದಂತೆ ಹೇಳಿದ: "ಬಿದ್ದದ್ದಲ್ಲ. ಬಿದ್ದ ಗೀರು ಒಂದು ತುದಿಯಲ್ಲಿ ಆಳ ಇರ್ತದೆ, ಮತ್ತೆ ಸಪೂರ ಆಗ್ತಾ ಹೋಗ್ತದೆ, ಒಂದೊಂದೂ ಒಂದೊಂದು ದಿಕ್ಕಿಗೆ. ನಿಮ್ಮದು ಬಳೆಯ ಹಾಗೆ ಉರುಟು ಉರುಟು ಉಂಟು. ಅಂಗಿಯ ತುದಿಯಲ್ಲಿ ತಿಕ್ಕಿದ್ದು ನೀವೇ."

ಹೇಳಿ ಮುಗಿಸಿದವನು ಗಾಜನ್ನು ಕೆಳಗಿಡಲಿಲ್ಲ. ಅಶೋಕ ಎರಡು ಸಲ ಕರೆದ.

ಮಧ್ಯಾಹ್ನ ಶಟರ್ ಎಳೆದು ಮನೆಗೆ ಹೋಗಿ ಸೈಕಲ್ಲನ್ನು ಅಂಗಳದ ಬಿಸಿಲಿಗೆ ತಂದ. ಭೂತಗನ್ನಡಿ ಹಿಡಿದು ಕೊಳವೆಗಳ ಮೇಲೆ ಇಂಚಿಂಚಾಗಿ ಸಾಗಿದ. ಗೀರುಗಳೆಲ್ಲ ಉರುಟಾಗಿದ್ದವು. ಫ್ರೇಮಿನ ಒಳಬದಿಯಲ್ಲಿ, ಎಷ್ಟೇ ಬಿದ್ದರೂ ನೆಲ ತಾಗದ ಕಡೆಯಲ್ಲೂ ಇದ್ದವು. ಯಾರೋ ಕೂತು ತಿಕ್ಕಿದ್ದಾರೆ. ಹುಡುಗನೊಬ್ಬ ಸೈಕಲ್ ಓಡಿಸಿದರೆ ಹೀಗಾಗುವುದಿಲ್ಲ.

ಮರುದಿನ ಅವನು ಬೆಳುವಾಯಿಗೆ ಹೊರಟ. ಇಷ್ಟು ವರ್ಷ ಯಾಕೆ ಹೋಗಲಿಲ್ಲ ಎಂದರೆ, ಕೂಸಪ್ಪ ಹೌದು ಎಂದುಬಿಟ್ಟರೆ ಎಂಬ ಹೆದರಿಕೆ. ಸಿದ್ಧಕಟ್ಟೆ ದಾಟುವಾಗ ಆ ಹೆದರಿಕೆ ಒಮ್ಮೆ ಬಂತು, ಮೂಡಬಿದಿರೆಯ ಪೇಟೆಯಲ್ಲಿ ಬಸ್ಸು ನಿಂತಾಗ ಇನ್ನೊಮ್ಮೆ. ಇಳಿದು ವಾಪಸ್ ಬಸ್ಸು ಹಿಡಿಯಬಹುದಿತ್ತು. ಪಕ್ಕದವರು ಕಾಲು ಅಡ್ಡ ಚಾಚಿ ನಿದ್ದೆ ಹೋಗಿದ್ದರು, ಎಬ್ಬಿಸಲು ನಾಚಿಕೆಯಾಯಿತು.

ಕೂಸಪ್ಪ ಜಗಲಿಯಲ್ಲಿ ಟೇಬಲ್ ಫ್ಯಾನೊಂದನ್ನು ಬಿಚ್ಚಿ ಹರಡಿಕೊಂಡು ಕೂತಿದ್ದರು. ಎಪ್ಪತ್ತೈದರ ಮೇಲಾಗಿರಬೇಕು. ಹೆಸರು ಹೇಳಿದ್ದೇ ತಡ, ಸ್ಕ್ರೂಡ್ರೈವರ್ ಕೆಳಗಿಟ್ಟು ಅವನ ಮೊಣಕೈ ಹಿಡಿದುಕೊಂಡರು.

"ಖಲೀಲ್ ಬ್ಯಾರಿಗಳ ಮಗನಾ! ಅಯ್ಯೋ ಮಾರಾಯ, ಅದೇ ಮೂಗು. ಕುಸುಮಾ, ಶರಬತ್ತು ತಾ! ನನ್ನ ದೋಸ್ತಿಯ ಮಗ ಬಂದಿದ್ದಾನೆ."

ಒಳಗಿಂದ ಸೊಸೆ ಕುಸುಮ ಕೂಗಿದಳು: "ಮಾವ, ಮೊದಲು ಅವರಿಗೆ ಕೂರಲಿಕ್ಕೆ ಜಾಗ ಮಾಡಿಕೊಡಿ. ನಿಮ್ಮ ನಟ್ಟಿನ ಮೇಲೆ ಕೂತು ಹೋದ ವಾರ ಒಬ್ಬರು ಬೊಬ್ಬೆ ಹಾಕಿದ್ದಾರೆ."

ಝಕರಿಯಾ ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತು ಯಾವುದೂ ಬರಲಿಲ್ಲ. ನೇರ ಕೇಳಿದ: "ಕೂಸಪ್ಪಣ್ಣ, ಆ ಸೈಕಲ್ ಹೊಸತಾ, ಹಳೆಯದಾ?"

"ಯಾವ ಮಾತು ಇದು? ಹೊಸತು! ಪ್ಲಾಸ್ಟಿಕ್ ಕೂಡ ತೆಗೆದಿರಲಿಲ್ಲ."

"ಗೀರು?"

"ನಾನು ಹಾಕಿದ್ದು," ಎಂದರು ಕೂಸಪ್ಪ. ಸ್ವಲ್ಪ ಹೆಮ್ಮೆಯೇ ಇತ್ತು ದನಿಯಲ್ಲಿ. "ಬೊಂಬಾಯಿಯಲ್ಲಿ ಕಸ್ಟಮ್ಸ್‌ನವರು ಗಿಡುಗನ ಹಾಗೆ ಕೂತಿರುತ್ತಿದ್ದರು ಮಾರಾಯ. ಹೊಸ ಸಾಮಾನು ಕಂಡರೆ ಸುಂಕ. ಬಳಸಿದ್ದಾದರೆ ಬಿಡ್ತಾರೆ. ಹಾಗೆ ನಾವು ಎಲ್ಲದಕ್ಕೂ ಪ್ರಾಯ ಮಾಡಿಸಿಯೇ ಕಳಿಸುತ್ತಿದ್ದದ್ದು. ಹೊಸ ವಾಚಿಗೆ ಬೆವರು ಹಿಡಿಸುವುದು, ಹೊಸ ಸೀರೆಯನ್ನು ಒಮ್ಮೆ ಒಗೆಯುವುದು. ಲಾಂಡ್ರಿಯವರು ನಾವು, ನಮಗೆ ಹೇಳಿಕೊಡಬೇಕಾ? ಸೈಕಲ್ಲಿಗೆ ಇಟ್ಟಿಗೆ ಪುಡಿ ಹಾಕಿ ಗೋಣಿ ತುಂಡಿನಲ್ಲಿ ತಿಕ್ಕಿದೆ. ಹೆಸರನ್ನು ಬ್ಲೇಡಿನಲ್ಲಿ ಕೆರೆದೆ. ನಿನ್ನ ಉಪ್ಪನ ಕೈಯಲ್ಲಿ ಆಗಲಿಲ್ಲ. ಗೋಡೆಯ ಕಡೆ ತಿರುಗಿ ಕೂತು, 'ಆಯ್ತಾ ಕೂಸಪ್ಪ, ಆಯ್ತಾ' ಅಂತ ಕೇಳುವುದು. ಕೋಳಿ ಕೊಯ್ಯುವಾಗ ಮಕ್ಕಳು ಮುಖ ತಿರುಗಿಸುತ್ತಾರಲ್ಲ, ಹಾಗೆ."

ಝಕರಿಯಾ ನಗಲು ಹೋದ. ನಗುವ ಬದಲು ಕೇಳಿದ: "ನಾಲ್ಕು ವರ್ಷ ಯಾಕೆ ಬೇಕಾಯ್ತು?"

"ಇಡೀ ಸೈಕಲ್ ಯಾರು ತರ್ತಾರೆ? ಬಿಡಿಸಿ, ರಜೆಗೆ ಹೊರಟವರ ಕೈಯಲ್ಲಿ ಒಂದೊಂದೇ ಕೊಟ್ಟದ್ದು. ಹ್ಯಾಂಡಲ್ ತಂದವನು ಸಿದ್ಧಕಟ್ಟೆಯವನು. ಕಸ್ಟಮ್ಸ್‌ನವನು ಇದೆಂಥದು ಅಂತ ಕೇಳಿದ್ದಕ್ಕೆ, ಬಟ್ಟೆ ನೇತು ಹಾಕುವ ಹ್ಯಾಂಗರ್ ಅಂದನಂತೆ. ಚೈನು ತಂದವನು ಬೆಳ್ತಂಗಡಿಯವನು. ಸೊಂಟಕ್ಕೆ ಉಡಿದಾರದ ಹಾಗೆ ಸುತ್ತಿಕೊಂಡು ಬಂದ. ಊರಿಗೆ ಮುಟ್ಟುವಾಗ ಹೊಟ್ಟೆಯೆಲ್ಲ ಗ್ರೀಸು, ಹೆಂಡತಿ ಒಳಗೆ ಬಿಡಲಿಲ್ಲವಂತೆ!" ಕೂಸಪ್ಪ ತೊಡೆ ತಟ್ಟಿ ನಕ್ಕರು. "ಎಲ್ಲ ಇಲ್ಲಿ ನಮ್ಮ ಮನೆಯಲ್ಲಿ ಸೇರಿಸಿ ಇಟ್ಟದ್ದು. ನಿನಗೆ ಮೊದಲೇ ಗೊತ್ತಾಗಬಾರದು ಅಂತ ಬ್ಯಾರಿಗಳ ಅಪ್ಪಣೆ. ಫ್ರೇಮು ಮಾತ್ರ ಯಾರೂ ಒಪ್ಪಲಿಲ್ಲ. ಕೊನೆಗೆ ನಾನು ಕೆಲಸ ಬಿಟ್ಟು ಬರುವಾಗ ತಂದೆ, ಮೂಡಬಿದಿರೆಯಲ್ಲಿ ಜೋಡಿಸಿದೆ, ನಿಮ್ಮಲ್ಲಿಗೆ ಬಂದೆ. ನಿನ್ನ ಉಮ್ಮ ಬಾಗಿಲು ಹಾಕಿದರು. ಗಂಡಸರಿಲ್ಲದ ಮನೆ, ಸರಿಯೇ ಅಂತ ಎಣಿಸಿ ಬಂದುಬಿಟ್ಟೆ."

ಕುಸುಮ ಶರಬತ್ತು ತಂದಿಟ್ಟಳು. ಝಕರಿಯಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಉಳಿದ ಪ್ರಶ್ನೆಯನ್ನು ಲೋಟಕ್ಕೇ ಕೇಳಿದಂತೆ ಕೇಳಿದ.

"ಅಲ್ಲಿ ಒಬ್ಬ ಹುಡುಗ ಇದ್ದನಾ, ಕೂಸಪ್ಪಣ್ಣ? ಉಪ್ಪನ ಜೊತೆ?"

"ಹುಡುಗನಾ? ಇದ್ದ."

ಅಂಗಳದಲ್ಲಿ ಒಂದು ಕೋಳಿ ಏನನ್ನೋ ಕೆದಕುತ್ತಿತ್ತು. ಝಕರಿಯಾ ಅದನ್ನೇ ನೋಡಿದ.

"ಕೆಳಗಿನ ಚಹಾದ ಅಂಗಡಿಯ ಮಲಬಾರಿಯ ಮಗ," ಎಂದರು ಕೂಸಪ್ಪ. "ನಿನ್ನ ಉಮ್ಮ ಒಂದು ನೂಲು ಕಳಿಸಿದ್ದರು. ನಿನಗೆ ಪ್ಯಾಂಟಿಗೆ ಅಳತೆ, ಸೊಂಟದಿಂದ ಹಿಮ್ಮಡಿಗೆ, ತುದಿಯಲ್ಲಿ ಗಂಟು. ಊರಿಂದ ಎಲ್ಲರೂ ಹಾಗೆಯೇ ಕಳಿಸುತ್ತಿದ್ದದ್ದು. ನಿನ್ನ ಉಪ್ಪ ಆ ನೂಲು ಹಿಡಿದುಕೊಂಡು ಸೈಕಲ್ ಅಂಗಡಿಗೆ ಹೋದರೆ ಅವರು ನಗಾಡಿದರಂತೆ, ನೂಲನ್ನು ಸೀಟಿನ ಮೇಲೆ ಹೇಗೆ ಕೂರಿಸುವುದು ಅಂತ. ಮತ್ತೆ ಬಂದು ಕಂಡಕಂಡ ಮಕ್ಕಳ ಕಾಲಿಗೆಲ್ಲ ನೂಲು ಹಿಡಿದು ನೋಡಿದರು. ಆ ಮಲಬಾರಿಯ ಹುಡುಗ ಸರಿ ಬಂದ. ಕೈ ಹಿಡಿದು ಪೇಟೆಗೆ ಕರೆದುಕೊಂಡು ಹೋದರು. ಅವನನ್ನು ಕೂರಿಸಿ, ಅಂಗಡಿಯೆದುರು ಓಡಿಸಿ, ಸೀಟು ಹಿಡಿದು ಹಿಂದೆ ಹಿಂದೆ ಓಡಿದರಂತೆ. ಏದುಸಿರು ಬಿಡುತ್ತ ಬಂದು, 'ಕೂಸಪ್ಪ, ಮಗನಿಗೆ ಕಲಿಸಿ ಬಂದೆ' ಅಂದರು. ನಾನು ಹೇಳಿದೆ, ಮಾರಾಯ್ರೆ, ಹುಡುಗ ಬೆಳೀತಾನೆ, ನೂಲು ಬೆಳೆಯುವುದಿಲ್ಲ, ಒಂದು ಸೈಜು ದೊಡ್ಡದು ನೋಡಬೇಕಿತ್ತು ಅಂತ. ಅವರಿಗೆ ಅದು ಹೊಳೆದೇ ಇರಲಿಲ್ಲ."

ಉಪ್ಪ ಓಡುವುದನ್ನು ಝಕರಿಯಾ ಒಮ್ಮೆಯೂ ಕಂಡಿರಲಿಲ್ಲ. ಎಲ್ಲೋ ಈಗ ಐವತ್ತರ ಹತ್ತಿರದ ಒಬ್ಬ ಮಲಬಾರಿ ಕಂಡಿದ್ದಾನೆ. ಬಹುಶಃ ಮರೆತೂ ಬಿಟ್ಟಿದ್ದಾನೆ.

"ಮತ್ತೆ ಯಾಕೆ ಬರಲಿಲ್ಲ ಉಪ್ಪ? ನೀವೆಲ್ಲ ರಜೆಗೆ ಬಂದು ಹೋಗುತ್ತಿದ್ದಿರಲ್ಲ."

ಕೂಸಪ್ಪ ಫ್ಯಾನಿನ ರೆಕ್ಕೆಯನ್ನು ಎತ್ತಿ, ಊದಿ, ಮತ್ತೆ ಕೆಳಗಿಟ್ಟರು.

"ಊರಿನ ಕಾಗದ ನಿಂತಿತು. ಯಾಕೆ ಅಂತ ಗೊತ್ತಿಲ್ಲ. ಇವರು ಬರೀತಾ ಇದ್ದರು, ಅಲ್ಲಿಂದ ಒಂದು ಗೆರೆ ಇಲ್ಲ. ಪ್ರತಿ ಸಲ ಬರುವ ವರ್ಷ, ಬರುವ ವರ್ಷ ಅನ್ನುವುದು. ಒಮ್ಮೆ ನನ್ನ ಹತ್ತಿರ ಕೇಳಿದರು, 'ಕಾಗದ ಬಾರದ ಮನೆಗೆ ಯಾವ ಮುಖ ಹಿಡ್ಕೊಂಡು ಹೋಗುವುದು ಕೂಸಪ್ಪ?' ನಾನು ಬಂದ ಮೇಲೆ ಅಲ್ಲಿ ಅವರಿಗೆ ಊರಿನವರು ಅಂತ ಯಾರೂ ಇರಲಿಲ್ಲ."

ಬಸ್ಸಿನಲ್ಲಿ ವಾಪಸ್ ಬರುವಾಗ ರಿಝ್ವಾನನ ಫೋನು ಬಂತು. ಬೆಲ್ಜಿಯಮ್ಮಿನ ಮೇಷ್ಟರು ಮಾದರಿಯ ಹೆಸರನ್ನೂ ಪತ್ತೆ ಮಾಡಿದ್ದರಂತೆ. ಗದ್ದಲದಲ್ಲಿ ಝಕರಿಯಾನಿಗೆ ಅದು ಕೇಳಲಿಲ್ಲ. ಇನ್ನೊಮ್ಮೆ ಹೇಳು ಎನ್ನಲೂ ಇಲ್ಲ. ತನಗೆಂದೇ ಕೊಂಡ ಸೈಕಲ್. ತನ್ನ ಕಾಲಿನ ಅಳತೆ. ಎದೆಯಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬ ಗಂಟೆ ಬಾರಿಸುತ್ತ ಸುತ್ತು ಹಾಕುತ್ತಿದ್ದ. ಉಮ್ಮನಿಗೆ ಹೇಳಬೇಕು. ಮೊದಲು ಅವಳಿಗೆ ಹೇಳಬೇಕು. ಅಷ್ಟು ವರ್ಷದ ಮುಳ್ಳು ಇವತ್ತು ಕೀಳಬಹುದು.

ಉಮ್ಮ ಸಂಜೆಯ ಅಸರ್ ನಮಾಜು ಮುಗಿಸಿ ಮಂಚದ ಮೇಲೆ ಕೂತಿದ್ದಳು. ಝಕರಿಯಾ ನೆಲದ ಮೇಲೆ ಕೂತು ಹೇಳಿದ. ಇಟ್ಟಿಗೆ ಪುಡಿ, ಬ್ಲೇಡು, ಹ್ಯಾಂಗರ್, ಉಡಿದಾರ. ನೂಲು. ಮಲಬಾರಿಯ ಹುಡುಗ. ಕಾಗದದ ವಿಷಯ ಮಾತ್ರ ಬಾಯಿಯವರೆಗೆ ಬಂದು ನಿಂತಿತು. ಅದನ್ನು ನುಂಗಿದ.

ಅಂಗಡಿಯಲ್ಲಿ ಮೊದಲ ಸಲ ಕನ್ನಡಕ ಹಾಕಿಕೊಂಡ ಮುದುಕಿಯರು ಕನ್ನಡಿ ನೋಡುವುದಿಲ್ಲ. ತಲೆ ತಗ್ಗಿಸಿ ತಮ್ಮ ಅಂಗೈ ನೋಡಿಕೊಳ್ಳುತ್ತಾರೆ. ಉಮ್ಮ ಹಾಗೆ ನೋಡಿಕೊಳ್ಳುತ್ತಿದ್ದಳು.

"ಅಂದ್ರೆ ಅವಳು ಇರ್ಲಿಲ್ಲ," ಎಂದಳು.

"ಇರ್ಲಿಲ್ಲ ಉಮ್ಮ. ಯಾರೂ ಇರ್ಲಿಲ್ಲ."

"ಅವಳಿಗೆ ನಾನು ಹಾಕಿದ ಶಾಪಕ್ಕೆ ಲೆಕ್ಕ ಇಲ್ಲ." ಜಪ ಎಣಿಸುವ ತಸ್ಬೀಹಿನ ಮಣಿಯೊಂದು ಬೆರಳಿನ ನಡುವೆ ಹಾಗೆಯೇ ನಿಂತಿತ್ತು. "ಆದ್ರೆ ಜ್ವರದಲ್ಲಿ ಹೋದ್ರು ಅಂತ ಸುದ್ದಿ ಬಂತಲ್ಲ, ಅವತ್ತು ಎಣಿಸಿದೆ. ಬಾಯಿಗೆ ನೀರು ಬಿಡ್ಲಿಕ್ಕೆ ಅವಳಾದ್ರೂ ಉಂಟಲ್ಲ ಅಂತ. ಗಂಜಿ ಮಾಡಿ ಕೊಟ್ಟಿರ್ತಾಳೆ, ಹಣೆಗೆ ಒದ್ದೆ ಬಟ್ಟೆ ಹಾಕಿರ್ತಾಳೆ. ಅಷ್ಟು ಒಂದು ಸಮಾಧಾನ ಇತ್ತು ಮೋನೆ. ಇಷ್ಟು ವರ್ಷ ಅದ್ರಲ್ಲೇ ಮಲಗಿದ್ದು ನಾನು." ಅವಳು ತಲೆ ಎತ್ತಿದಳು. "ಯಾರೂ ಇರ್ಲಿಲ್ವಾ?"

ಝಕರಿಯಾ ಉಮ್ಮನ ಕಾಲಿನ ಹತ್ತಿರ ಸರಿದ.

"ಕೂಸಪ್ಪಣ್ಣ ಇದ್ರು."

"ಅವ ಸೈಕಲ್ ತಂದವ ಊರಲ್ಲೇ ನಿಂತ ಅಲ್ವಾ?"

"ಇಲ್ಲ, ವಾಪಸ್ ಹೋಗಿದ್ರಂತೆ. ಕೊನೆಯವರೆಗೂ ಒಂದೇ ರೂಮ್. ನೀರು ಬಿಟ್ಟದ್ದೂ ಅವರೇ."

"ಅಡಿಗೆ?"

"ಅದೂ ಅವರೇ. ಊರಿಂದ ಕುಚ್ಚಲಕ್ಕಿ ತಗೊಂಡು ಹೋಗ್ತಿದ್ರಂತೆ. ಮೆತ್ತಗೆ ಗಂಜಿ ಮಾಡಿ, ಉಪ್ಪು ಹಾಕಿ."

"ಬರೀ ಗಂಜಿಯಾ? ಮೀನು?"

"ಮೀನೂ ಮಾಡ್ತಿದ್ರು. ಬಂಗುಡೆ."

"ನಿನ್ನ ಉಪ್ಪನಿಗೆ ಬಂಗುಡೆ ಆಗುವುದಿಲ್ಲ," ಎಂದಳು ಉಮ್ಮ. ಕಣ್ಣು ಅವನ ಮುಖದ ಮೇಲೆ ನಿಂತಿತ್ತು. "ಮೈಯೆಲ್ಲ ತುರಿಕೆ ಬರ್ತದೆ."

"ಬಂಗುಡೆ ಕೂಸಪ್ಪಣ್ಣ ತಿನ್ನುವುದು," ಎಂದ ಝಕರಿಯಾ. "ಉಪ್ಪನಿಗೆ ಅಂಜಲ್. ಬೇರೆಯೇ ಮಾಡಿ ಕೊಡ್ತಿದ್ರು. ಖಾರ ಕಡಿಮೆ ಹಾಕಿ."

ಉಮ್ಮ ಕಾಲನ್ನು ಮಂಚದ ಮೇಲೆಳೆದುಕೊಂಡು, ಅವನಿಗೂ ಕೂರಲು ಜಾಗ ಮಾಡಿದಳು.

"ಹಾಂ," ಎಂದಳು. "ಮತ್ತೆ? ಹೇಳು."